ಡಬ್ಬಿಯಲ್ಲಿದ್ದ ಪಂಚಾಮೃತ

ಸುನಂದಾ, ಅಂದು ಆಸ್ಪತ್ರೆಯಲ್ಲಿ ಕೂಸಿಗೆ ತಿನ್ನಿಸಿದವಳು ನೀನಲ್ಲ. ನಾನು. ನಿನ್ನ ಅತ್ತೆ. ಹನ್ನೊಂದು ವರ್ಷದಿಂದ ಈ ಮಾತು ನನ್ನ ಗಂಟಲಲ್ಲಿ ಕೂತಿದೆ — ಓಣಿಯವರಿಗೆಲ್ಲ ಬುದ್ಧಿ ಹೇಳುವ ನನ್ನ ನಾಲಿಗೆಗೆ ಇದೊಂದನ್ನು ಮಾತ್ರ ಆಡಲಾಗಲಿಲ್ಲ.

ಶ್ರಾವಣಿಗೆ ಆಗ ಆರು ವರ್ಷ. ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ಮೈ ಬಿಳಿಚಿತ್ತು. ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕೆ ಕರೆದೊಯ್ದೆವು. ಹೊಟ್ಟೆಯೊಳಗೆ ಒಂದು ಗಂಟಿದೆ, ಕೆಟ್ಟ ಗಂಟಲ್ಲ ಎಂದರು ಡಾಕ್ಟರರು. ಹೊಟ್ಟೆ ಕೊಯ್ಯುವುದು ಬೇಡ. ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ, ತಂತಿಯ ಕುಣಿಕೆ ಹಾಕಿ ತೆಗೆಯುತ್ತೇವೆ, ಮರುದಿನ ಮನೆಗೆ ಹೋಗಬಹುದು ಎಂದರು. ಒಂದೇ ಒಂದು ಕಟ್ಟಳೆ — ಹೊಟ್ಟೆ ಖಾಲಿ ಇರಬೇಕು. ಅರಿವಳಿಕೆ ಕೊಟ್ಟಾಗ ಉಂಡದ್ದು ಮೇಲೆ ಬಂದು ಪುಪ್ಪುಸಕ್ಕೆ ಇಳಿದರೆ ಜೀವಕ್ಕೇ ಅಪಾಯ. ಇದನ್ನು ನಮ್ಮೆಲ್ಲರ ಎದುರಿಗೇ ಹೇಳಿದ್ದರು. ನನಗೆ ಗೊತ್ತಿರಲಿಲ್ಲ ಎಂದು ಬರೆಯಲು ಕೈ ಬರುವುದಿಲ್ಲ.

ಕೊಳವೆ ಇಳಿಸುವ ಹಿಂದಿನ ದಿನ ನಾನು ಇಚಲಕರಂಜಿಯಲ್ಲಿ ಮಗಳ ಮನೆಯಲ್ಲಿ ಉಳಿದಿದ್ದೆ. ಅಂದು ಸೋಮವಾರ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಪಂಚಾಮೃತವನ್ನು ಒಂದು ಸ್ಟೀಲಿನ ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ನಾನು ಬಂದ ಮೇಲೆ ನೀನೂ ನನ್ನ ಮಗ ಮಲ್ಲುವೂ ಕಾಗದಕ್ಕೆ ಸಹಿ ಹಾಕಲು ಕೆಳಗೆ ಹೋದಿರಿ. ಕೂಸು ನನ್ನ ಮಡಿಲಲ್ಲಿತ್ತು.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ. ಸೋಮವಾರ ನೀರೂ ಮುಟ್ಟದವರು ಪಂಚಾಮೃತ ತೆಗೆದುಕೊಳ್ಳುತ್ತಾರೆ, ಉಪವಾಸ ಮುರಿಯಿತೆಂದು ಯಾರೂ ಅನ್ನುವುದಿಲ್ಲ. ಪ್ರಸಾದ ಎಂದರೆ ಊಟವಲ್ಲ. ದಿನಾ ಬೆಳಿಗ್ಗೆ ನನ್ನ ಕೈಯಿಂದ ಪ್ರಸಾದ ತೆಗೆದುಕೊಂಡೇ ಶಾಲೆಗೆ ಹೋಗುತ್ತಿದ್ದ ಕೂಸು ಡಬ್ಬಿ ಕಂಡಿತು.

"ಆಯಿ, ಪ್ರಸಾದ ಕೊಡು."

ಒಂದು ಚಮಚೆ ಕೊಟ್ಟೆ. "ಇನ್ನೊಂದೀಟ" ಅಂದಿತು. ಹಸಿದಿತ್ತು, ಪಾಪ. ಹಾಲು, ಮೊಸರು, ತುಪ್ಪ, ಜೇನು, ಬಾಳೆಹಣ್ಣು — ಡಬ್ಬಿ ಖಾಲಿಯಾಯಿತು. ಆಮೇಲೆ ಸೆರಗಿನಿಂದ ಅದರ ಬಾಯಿ ಒರೆಸಿದೆ. ಅದು ಊಟವಲ್ಲವೆಂದು ನಾನು ನಿಜವಾಗಿ ನಂಬಿದ್ದರೆ — ಬಾಯಿ ಅಷ್ಟು ಗಡಿಬಿಡಿಯಿಂದ ಯಾಕೆ ಒರೆಸಿದೆ? ಡಬ್ಬಿ ಚೀಲದ ತಳಕ್ಕೆ ಯಾಕೆ ಸೇರಿಸಿದೆ?

ನರ್ಸ್ ಬಂದು ಮರಾಠಿಯಲ್ಲಿ ಕೇಳಿದಳು, ಕೂಸು ಏನಾದರೂ ತಿಂದಿದೆಯಾ ಅಜ್ಜಿ ಎಂದು. "ನಾಹೀ ಬಾಯಿ" — ಇಲ್ಲವ್ವಾ — ಅಂದೆ. ಅವಳು ನಂಬಿ ಬರೆದುಕೊಂಡಳು. ಬಿಳಿ ಕೂದಲಿನ, ಹಣೆತುಂಬ ವಿಭೂತಿ ಹಚ್ಚಿದ ಮುದುಕಿ ಸುಳ್ಳು ಹೇಳುತ್ತಾಳೆಂದು ಯಾರು ಅಂದುಕೊಂಡಾರು?

ಕೂಸನ್ನು ಒಳಗೆ ಒಯ್ದ ಸ್ವಲ್ಪ ಹೊತ್ತಿಗೆಲ್ಲ ಡಾಕ್ಟರರು ಹೊರಗೆ ಓಡಿಬಂದರು. ಕೂಸು ವಾಂತಿ ಮಾಡಿತ್ತು, ಹೊಟ್ಟೆಯಲ್ಲಿದ್ದದ್ದು ಪುಪ್ಪುಸಕ್ಕೆ ಹೋಗಿತ್ತು. "ಕುಣೀ ದಿಲಂ?" — ಯಾರು ಕೊಟ್ಟದ್ದು? ಮಲ್ಲು ನಿನ್ನ ಚೀಲ ಜಾಡಿಸಿದ. ಒಡೆದ ಬಿಸ್ಕಿಟ್ ಪುಡಿಕೆ ಬಿತ್ತು. ನೀನು ಹಸಿವು ತಾಳದೆ ತಿಂದದ್ದು. ಅವನು ಎಲ್ಲರೆದುರು ನಿನ್ನ ಕೆನ್ನೆಗೆ ಹೊಡೆದ.

"ನಾ ಕೊಟ್ಟಿಲ್ರಿ! ಶಿವನಾಣಿ ಕೊಟ್ಟಿಲ್ರಿ! ಅತ್ತಿ, ನೀವರ ಹೇಳ್ರಿ!"

ನನ್ನನ್ನೇ ನೋಡಿದೆ ನೀನು. ಆಗ ನಾನು ಆಡಿದ ಮಾತು —

"ಹೋಗ್ಲಿ ಬಿಡೋ ಮಲ್ಲು. ತಾಯಿ ಕರುಳ, ತಡೀಲಿಲ್ಲ."

ಸುತ್ತಲಿನವರು ಎಂಥ ಒಳ್ಳೆಯ ಅತ್ತೆ ಅಂದುಕೊಂಡರು. ಬೈದಿದ್ದರೆ ಯಾರಾದರೂ ಸಂಶಯಪಡುತ್ತಿದ್ದರೋ ಏನೋ. ನಾನು ನಿನ್ನನ್ನು ಕ್ಷಮಿಸಿಬಿಟ್ಟೆ! ಛೀ, ಇದನ್ನು ಬರೆಯುವಾಗ ನನಗೇ ಹೇಸಿಗೆಯಾಗುತ್ತಿದೆ.

ಒಂಬತ್ತು ದಿನ ಕೂಸು ಉಸಿರಾಟದ ಯಂತ್ರದ ಮೇಲಿತ್ತು. ಬದುಕಿತು. ಎಚ್ಚರಾದಾಗ ಆ ಬೆಳಗಿನ ಪ್ರಸಾದದ ನೆನಪೇ ಅದಕ್ಕೆ ಉಳಿದಿರಲಿಲ್ಲ. ಆರು ತಿಂಗಳ ಮೇಲೆ ಅದೇ ಗಂಟನ್ನು ಅದೇ ರೀತಿ ತೆಗೆದರು, ಮರುದಿನ ಮನೆಗೆ ಕಳಿಸಿದರು. ಅಷ್ಟು ಸಣ್ಣ ಕೆಲಸವಾಗಿತ್ತು ಅದು. ಆದರೆ ಪುಪ್ಪುಸ ಮೊದಲಿನಂತಾಗಲಿಲ್ಲ. ನಮ್ಮದು ಮೆಣಸಿನಕಾಯಿ ವ್ಯಾಪಾರ. ಸುಗ್ಗಿ ಬಂತೆಂದರೆ ಆ ಘಾಟಿಗೆ ಅವಳಿಗೆ ಉಸಿರು ಕಟ್ಟುತ್ತದೆ, ಇಚಲಕರಂಜಿಯ ಸೋದರತ್ತೆಯ ಮನೆಗೆ ಕಳಿಸಬೇಕು.

ಮಲ್ಲು ಅಂದೇ ಹೇಳಿಬಿಟ್ಟ: "ಇನ್ನ ಮ್ಯಾಲ ಕೂಸಿಗೆ ಆಕಿ ಕೈಯಾಗಿಂದು ಒಂದು ತುತ್ತೂ ಬ್ಯಾಡ. ಅವ್ವ, ನೀನ ಉಣಿಸು." ನಾನು ಉಣಿಸಿದೆ. ಹನ್ನೊಂದು ವರ್ಷ. ಬೇರೆ ಒಲೆ, ಬೇರೆ ಪಾತ್ರೆ. ನೀನು ಮಾಡಿದ ಹೋಳಿಗೆ ಕಂಡರೆ ನಿನ್ನ ಮಗಳು ಮುಖ ತಿರುಗಿಸುತ್ತಿದ್ದಳು, ನಾನು ನೋಡುತ್ತಿದ್ದೆ.

ಮೊದಲ ವರ್ಷ ನೀನು ಅಲ್ಲ ಅಲ್ಲ ಎನ್ನುತ್ತಿದ್ದೆ. ಎರಡನೆಯ ವರ್ಷ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಅಂದೆ: "ಎರಡು ದಿವಸ ನಿದ್ದಿ ಇರಲಿಲ್ರಿ ಅತ್ತಿ. ನಾನ ಕೊಟ್ಟಿರಬೇಕು. ನೆಪ್ಪಿಲ್ಲ ನನಗ." ಶಿವನೇ! ನೀನಲ್ಲವ್ವಾ ಎನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ಯಾವುದಿತ್ತು? ನಾನು "ಆಗಿದ್ದು ಆತು ಬಿಡು" ಅಂದೆ. ಮಾಡದ ತಪ್ಪನ್ನು ನೀನೇ ನಂಬಿಕೊಂಡ ದಿನ ನನಗೆ — ಹೇಳಿಯೇ ಬಿಡುತ್ತೇನೆ — ಹಗುರವೆನಿಸಿತ್ತು.

ಈಗ ನನ್ನ ಕೈ ನಡುಗುತ್ತದೆ, ಒಲೆಯ ಮುಂದೆ ಕೂರಲಾಗುವುದಿಲ್ಲ. ಶ್ರಾವಣಿ ತಾನೇ ಬೇಯಿಸಿಕೊಳ್ಳುತ್ತಾಳೆ. ಕಳೆದ ಸೋಮವಾರ ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವಳು ಅಳಲಿಲ್ಲ.

"ಅವ್ವಗ ಹೇಳೀಯೇನ ಆಯಿ?"

"ಇಲ್ಲ."

ಎದ್ದು ಸೀದಾ ಅಡುಗೆಮನೆಗೆ ಬಂದಳು. ನಿನ್ನ ಮುಂದೆ ಕೂತು, ಹಾಕು ಅಂದಳು. ನೀನು ಗಾಬರಿಬಿದ್ದು ತೊಳೆದ ತಾಟನ್ನೇ ಮತ್ತೆ ತೊಳೆದೆ. ರೊಟ್ಟಿ, ಕಡಲೆಹಿಟ್ಟಿನ ಝುಣಕಾ ಹಾಕಿದೆ. ಅವಳು ಒಂದು ತುತ್ತು ಮುರಿದು ಬಾಯಿಯವರೆಗೆ ತಂದಳು. ಕೈ ಅಲ್ಲೇ ನಿಂತಿತು. ಎಷ್ಟು ಪ್ರಯತ್ನಪಟ್ಟಳೋ, ಬಾಯಿ ತೆರೆಯಲಿಲ್ಲ. ತುತ್ತು ಬಿಟ್ಟು ಹಿತ್ತಲಿಗೆ ಓಡಿದಳು, ಓಕರಿಸುವ ಸದ್ದು ಕೇಳಿಸಿತು. ನಿಜ ತಿಳಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ ನಾನು, ಮೂರ್ಖಳು.

"ಒತ್ತಾಯ ಬ್ಯಾಡವ್ವಾ," ಅಂದೆ ನೀನು. "ನನ್ನ ಕೈನ ಹಂತಾದ್ದು."

ಮರಾಠಿ ಶಾಲೆಯಲ್ಲಿ ಕಲಿತ ಮಲ್ಲುವಿಗೆ ಕನ್ನಡ ಓದಲು ಬರುವುದಿಲ್ಲ. ಅವನಿಗೆ ನಾನೇ ನಿನ್ನೆದುರು ಬಾಯಿಬಿಟ್ಟು ಹೇಳುತ್ತೇನೆ. ಈ ಪತ್ರ ನಿನಗೆ. ಕ್ಷಮಿಸು ಎಂದು ಬರೆದಿಲ್ಲ, ಬರೆಯುವುದೂ ಇಲ್ಲ.

ಅವಳು ಬಿಟ್ಟುಹೋದ ತುತ್ತನ್ನು ನೀನು ಎತ್ತಿ ತಿಂದೆ, ಸುನಂದಾ. ನಾನು ಬಾಗಿಲಲ್ಲೇ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.