ಕೆಳಮಂಚದ ನೀಲಿ ಪರದೆ

ಕಚೇರಿಗೆ ಅರ್ಜಿ ಬರೆದದ್ದುಂಟೇ ಹೊರತು ಇಂಥದ್ದನ್ನು ಬರೆದ ಅಭ್ಯಾಸ ನನಗಿಲ್ಲ. ಲೋಪಗಳಿದ್ದಲ್ಲಿ ಮನ್ನಿಸಬೇಕೆಂದು ಮೊದಲೇ ಕೋರಿ, ಒಂದು ಪರದೆಯ ವಿಚಾರವನ್ನು ಓದುಗರ ಅವಗಾಹನೆಗೆ ತರುತ್ತಿದ್ದೇನೆ.

ಹನ್ನೊಂದು ವರ್ಷ ನಾನು ಗಲ್ಫಿನ ಒಂದು ಪಟ್ಟಣದಲ್ಲಿ ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಶನಿಸ್ಟ್ ಆಗಿದ್ದೆ. ಒಂದರ ಮೇಲೊಂದು ಮಂಚಗಳಿದ್ದ, ಆರು ಹೆಂಗಸರ ಕೋಣೆಯಲ್ಲಿ ಕಿಟಕಿಯ ಪಕ್ಕದ ಕೆಳಮಂಚ ನನ್ನದು. ಅದರ ಸುತ್ತ ನೀಲಿ ಪರದೆ. ಎಳೆದುಕೊಂಡರೆ ಒಳಗಿನ ಬೆಳಕು ನೀರಿನಡಿಯ ಬೆಳಕಿನಂತಾಗುತ್ತಿತ್ತು. ಅದರಲ್ಲಿ ಮಲಗಿ ಬಂಟ್ವಾಳದ ನಮ್ಮ ಹೊಳೆಯನ್ನು ನೆನೆಯುತ್ತಿದ್ದೆನೆಂಬುದು ಸತ್ಯಸಂಗತಿ.

ಕಳೆದ ವರ್ಷ ರಜೆಯ ಮೇಲೆ ಬಂಟ್ವಾಳಕ್ಕೆ, ಹೊಳೆಬದಿಯ ತಮ್ಮನ ಮನೆಗೆ ಬಂದೆ. ಆರು ತಿಂಗಳೊಳಗೆ ಹಿಂದಿರುಗದಿದ್ದಲ್ಲಿ ವೀಸಾ ರದ್ದಾಗುತ್ತದೆ. ಹೋಗುವುದೋ ಉಳಿಯುವುದೋ ತೀರ್ಮಾನಿಸಲಾಗದೆ ಐದು ತಿಂಗಳು ಕಳೆದವು. ನನಗೆ ಬಿಟ್ಟುಕೊಟ್ಟ ಕೋಣೆ ದೊಡ್ಡದು, ಮಂಚ ಅಗಲವಾದದ್ದು; ಮಲಗಿದರೆ ಎಲ್ಲಿಗೋ ತೇಲಿಹೋಗುವ ಹಾಗಾಗುತ್ತಿತ್ತು. ಒಂದು ಮಧ್ಯಾಹ್ನ, ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆಯೇ, ಹಗ್ಗ ಕಟ್ಟಿ ಹಳೆಯ ಸೀರೆಯೊಂದನ್ನು ಮಂಚದ ಸುತ್ತ ಇಳಿಬಿಟ್ಟೆ.

ಚಹಾ ತಂದ ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತಳು. "ಅತ್ತಿಗೆ, ಇದೆಂಥದು, ಯಕ್ಷಗಾನದ ತೆರೆಯಾ? ಒಳಗಿಂದ ಯಾವ ವೇಷ ಬರ್ತದೆ?"

"ರಾಕ್ಷಸಿಯದ್ದು."

"ಹಾಗಾದ್ರೆ ಚಹಾ ಹೊರಗೇ ಇಡ್ತೇನೆ ಮಾರಾಯ್ರೆ!"

ಆ ಸೀರೆಯೊಳಗೆ ಕುಳಿತು, ಮೂಡುಬಿದಿರೆಯ ಗ್ರಂಥಾಲಯದಿಂದ ತಂದ ಕಾದಂಬರಿ ಓದಿದೆ. ವಲಸೆ ಹೋದವನೊಬ್ಬ ಪರದೇಶದ ಬಾಡಿಗೆ ಕೋಣೆಯಲ್ಲಿ, ಊರಿನ ಹೊಳೆಯ ಸದ್ದು ಕೇಳಿಸಿತೆಂದು ಎದ್ದು ಕಿಟಕಿ ತೆರೆಯುತ್ತಾನೆ. ನನಗೆ ಅಳು ಬಂತು. ಹೊಳೆಗಾಗಿ ಅಲ್ಲ; ಹೊಳೆ ನಮ್ಮ ಕಿಟಕಿಯ ಕೆಳಗೇ ಉಂಟು. ಆ ಬಾಡಿಗೆ ಕೋಣೆಗಾಗಿ. ಇದನ್ನು ದಾಖಲಿಸಲು ಸಂಕೋಚವಾಗುತ್ತದೆ.

ಅದೇ ವಾರ ನನ್ನ ಮೇಲಿನ ಮಂಚದವಳು, ಬೆಳ್ತಂಗಡಿಯ ಹುಡುಗಿ, ಅಲ್ಲಿಂದ ಫೋನ್ ಮಾಡಿದಳು. "ಅಕ್ಕಾ, ನಿಮ್ಮ ಮಂಚ ಹೊಸಬಳೊಬ್ಬಳು ಕೇಳ್ತಾ ಇದ್ದಾಳೆ. ನೀವು ಬರುವುದುಂಟಾ, ಇಲ್ವಾ?"

ಹೋದರೆ ಆ ಪರದೆಯೊಳಗೆ ಮಲಗಿ ಪುನಃ ಈ ಹೊಳೆಯನ್ನೇ ನೆನೆಯುತ್ತೇನೆಂಬುದು ಆಗ ಸ್ಪಷ್ಟವಾಯಿತು. ಅದನ್ನು ಹನ್ನೊಂದು ವರ್ಷ ಮಾಡಿಯಾಗಿತ್ತು.

"ಮಂಚ ಅವಳಿಗೆ ಕೊಡು," ಎಂದೆ. "ಪರದೆ ಮಾತ್ರ ಊರಿಗೆ ಬರುವವರ ಕೈಯಲ್ಲಿ ಕಳಿಸು."

"ಅಯ್ಯೋ ದೇವರೇ! ಇಷ್ಟು ವರ್ಷ ಊರಿಂದ ಕುಚ್ಚಲಕ್ಕಿ ತರಿಸಿದ್ರಿ, ಈಗ ಇಲ್ಲಿಂದ ಪರದೆಯಾ?" ಎಂದು ನಕ್ಕಳು. ಆಮೇಲೆ ಕೇಳಿದಳು: "ಹಾಗಾದ್ರೆ ನೀವು ಬರುವುದಿಲ್ಲ ಅಲ್ವಾ, ಅಕ್ಕಾ."

ರಜೆಗೆ ಬಂದ ಮಾಣಿ ಊರಿನವರೊಬ್ಬರ ಪೆಟ್ಟಿಗೆಯಲ್ಲಿ ಪರದೆ ಬಂದು ತಲುಪಿತು. ಒಗೆಯಲೆಂದು ತಮ್ಮನ ಹೆಂಡತಿ ಕೈಚಾಚಿದಳು. ಬೇಡವೆಂದೆ. ಅವಳು ಸ್ಟೂಲ್ ತಂದು, ಜೋಲುತ್ತಿದ್ದ ಹಗ್ಗವನ್ನು ತಾನೇ ಬಿಗಿದು ಕಟ್ಟಿದಳು.

ಈ ಅಗಲದ ಮಂಚಕ್ಕೆ ಪರದೆ ಎರಡು ಗೇಣು ಸಾಲುವುದಿಲ್ಲ. ಆ ಸಂದಿನಿಂದ ಹೊಳೆ ಕಾಣುತ್ತದೆ.