ಮಸರತಳ ಬಾಯಿ, ವಿಜಯಶ್ರೀಯ ಕೈ

ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಲ್ಲಿ ಹುಟ್ಟಿದ ಮಸರತಳಿಗೆ ಆರು ವರ್ಷದ ತನಕ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಅಬ್ಬಾನ ಕೆಮ್ಮು, ಹಿಟ್ಟಿನ ಗಿರಣಿಯ ಪಟಪಟ, ಮಳೆ ಬಂದಾಗ ತಗಡಿನ ಮೇಲೆ ಏಳುವ ಗದ್ದಲ ಎಲ್ಲ ಅವಳಿಗೆ ಈಗಲೂ ನೆನಪಿವೆ. ಒಂದು ಬೇಸಿಗೆಯಲ್ಲಿ ಜ್ವರ ನೆತ್ತಿಗೇರಿತು. ಜ್ವರ ಇಳಿದಾಗ ಜೀವ ಉಳಿದಿತ್ತು, ಕಿವಿ ಹೋಗಿತ್ತು. ಅಷ್ಟರಲ್ಲಿ ಕಲಿತಿದ್ದ ಮಾತು ಮಾತ್ರ ಬಾಯಲ್ಲಿ ನಿಂತಿತು. ಏರಿಳಿತವಿಲ್ಲದ ಸಪಾಟು ದನಿ. ಬಜಾರಿನಲ್ಲಿ ಅವಳು ಮಾತಾಡಿದರೆ ಜನ ಯಾರದಪ್ಪಾ ಇದು ಎಂದು ತಿರುಗಿ ನೋಡುತ್ತಿದ್ದರು.

ಕಲಬುರಗಿಯ ಕಿವುಡ ಮಕ್ಕಳ ವಸತಿ ಶಾಲೆಗೆ ಹಾಕಿದಾಗ ಪಕ್ಕದ ಹಾಸಿಗೆಯಲ್ಲಿ ಜೇವರ್ಗಿಯ ವಿಜಯಶ್ರೀ ಇದ್ದಳು. ಆಕೆ ಹುಟ್ಟುಕಿವುಡಿ. ಅವಳ ಬಾಯಿಗೆ ಒಂದು ಮಾತೂ ಬಂದದ್ದಿಲ್ಲ, ಆದರೆ ಕೈ ಎತ್ತಿದರೆ ಇಡೀ ಕೋಣೆ ಅವಳ ಕಡೆ ನೋಡುತ್ತಿತ್ತು. ಊಟದ ಸಾರು ನೀರಾಗಿದೆ ಎಂಬುದನ್ನೇ ಅವಳು ಬೆರಳಲ್ಲಿ ಹೇಳಿದರೆ ಹುಡುಗಿಯರು ಹೊಟ್ಟೆ ಹಿಡಿದು ನಗುತ್ತಿದ್ದರು. ಮಸರತಳಿಗೆ ಕೈಭಾಷೆ ಕಲಿಸಿದವಳು ಅವಳೇ. ಬದಲಿಗೆ ಮಸರತ ಅವಳ ಬಾಯಿಯಾದಳು. ಒಮ್ಮೆ ಸಾಬೂನು ಕದ್ದಳೆಂದು ವಾರ್ಡನ್ ವಿಜಯಶ್ರೀಯ ಕಿವಿ ಹಿಂಡಿದಾಗ, ಮಸರತ ನಡುವೆ ನಿಂತು ಗೆಳತಿಯ ಕೈ ನೋಡುತ್ತ ನೋಡುತ್ತ ಒದರಿದಳು: "ಆಕಿ ಕದ್ದಿಲ್ರೀ. ಆಕಿಗೆ ಆ ಸಾಬಾಣಿ ವಾಸನಿನೇ ಸೇರಲ್ಲಂತ." ವಾರ್ಡನ್ ಕೈಬಿಟ್ಟಳು. ಅಂದಿನಿಂದ ಇಬ್ಬರ ನಡುವೆ ಒಂದು ಕರಾರು ಬೆಳೆಯಿತು. ವಿಜಯಶ್ರೀ ಏನು ಹೇಳಿದಳೋ ಅದನ್ನೇ ಮಸರತ ಹೇಳಬೇಕು. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಶಾಲೆ ಮುಗಿದ ಮೇಲೆ ಮಸರತಳನ್ನು ಅಫಜಲಪುರದ ಆಫ್ತಾಬನಿಗೆ ಕೊಟ್ಟರು. ಅವನಿಗೆ ಕಿವಿ ಕೇಳುತ್ತದೆ, ವೆಲ್ಡಿಂಗ್ ಕೆಲಸ, ಒಳ್ಳೆಯವನು. ಉರ್ದು, ಕನ್ನಡ ಬೆರೆಸಿ ಮಾತಾಡುತ್ತಾನೆ. ಊಟ, ನೀರು, ಬಾ, ಹೋಗು ಇಷ್ಟರಮಟ್ಟಿಗೆ ಕೈ ಕಲಿತ. ಉಳಿದದ್ದನ್ನು ಮಸರತ ಅವನ ತುಟಿ ಓದಿ ತಿಳಿದುಕೊಳ್ಳುತ್ತಿದ್ದಳು. ಅವಳು ಮನೆಯ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡಳು. ವಿಜಯಶ್ರೀಗೆ ಮದುವೆಯಾಗಲಿಲ್ಲ. ಜೇವರ್ಗಿಯಲ್ಲಿ ತಾಯಿ ಗುರಮ್ಮನ ಜೊತೆ ಇದ್ದುಕೊಂಡು, ತಮ್ಮ ಮಹೇಶಕುಮಾರನ ಜೆರಾಕ್ಸ್ ಅಂಗಡಿಯಲ್ಲಿ ಹಾಳೆ ಜೋಡಿಸಿಕೊಂಡಿದ್ದಳು.

ದೂರವಾದ ಮೇಲೆ ಮಾತು ಹೇಗೆ? ಬರವಣಿಗೆ ಇಬ್ಬರಿಗೂ ಅಷ್ಟಕ್ಕಷ್ಟೇ. "ನಾನು ಊರು ನಿನ್ನೆ ಹೋಗು" ಎಂದು ವಿಜಯಶ್ರೀ ಬರೆದರೆ ಹೋದಳೋ ಹೋಗುವವಳೋ ತಿಳಿಯುತ್ತಿರಲಿಲ್ಲ. ಕೈ ಕಾಣಬೇಕು. ಎಲ್ಲರ ಫೋನಿನಲ್ಲೂ ಇರುವ ಹಸಿರು ಆ್ಯಪಿನಲ್ಲಿ ವಿಡಿಯೋ ಹಚ್ಚಿದರೆ ಇವರ ಅಗ್ಗದ ಫೋನುಗಳಲ್ಲಿ ಬೆರಳುಗಳು ಕಲಸಿಹೋಗುತ್ತಿದ್ದವು. ಒಮ್ಮೆ ವಿಜಯಶ್ರೀಯ ದೊಡ್ಡಪ್ಪನ ಮನೆಯ ಅತ್ತಿಗೆಯ ಸೀಮಂತದ ಸುದ್ದಿ ಮಸರತಳಿಗೆ ಅತ್ತಿಗೆಯ ಸಾವಿನ ಸುದ್ದಿಯಾಗಿ ಕಂಡು, ಅವಳು ಒಂದಿಡೀ ಮಧ್ಯಾಹ್ನ ಅತ್ತಿದ್ದಳು. ಇನ್ನೊಂದು ಆ್ಯಪ್ ಪ್ರತಿಸಲ ಲಿಂಕು, ಪಾಸ್‌ವರ್ಡು ಕೇಳುತ್ತಿತ್ತು. ಮತ್ತೊಂದು ಮಾತಿನ ನಡುವೆಯೇ ಕಡಿದುಕೊಳ್ಳುತ್ತಿತ್ತು.

ಆಮೇಲೆ ಮಹೇಶಕುಮಾರನ ಹೈದರಾಬಾದಿನ ಗೆಳೆಯನೊಬ್ಬ ತನ್ನ ಹಳೆಯ ಫೋನನ್ನು ವಿಜಯಶ್ರೀಗೆ ಕೊಟ್ಟ. ಹೆಸರಾಂತ ವಿದೇಶಿ ಕಂಪನಿಯದು. ಅದರಲ್ಲಿ ಆ ಕಂಪನಿಯದೇ ಮೆಸೇಜು, ಆ ಕಂಪನಿಯದೇ ವಿಡಿಯೋ ಕರೆ. ಎರಡೂ ಕಡೆ ಅದೇ ಕಂಪನಿಯ ಫೋನಿರಬೇಕು, ಇಲ್ಲದಿದ್ದರೆ ಇಲ್ಲ. ಮಸರತ ಪುಣೆಯಲ್ಲಿದ್ದ ಅಣ್ಣ ಸಲಾವುದ್ದೀನನ ಬೆನ್ನು ಹತ್ತಿ ಅಂಥದೇ ಒಂದು ಹಳೆಯ ಫೋನು ತರಿಸಿಕೊಂಡಳು. ಮೊದಲ ಸಲ ಕರೆ ಕೂಡಿದಾಗ ವಿಜಯಶ್ರೀಯ ಬೆರಳಿನ ಗೆಣ್ಣುಗಳು ಕಂಡವು, ಉಗುರಿನ ಬಣ್ಣ ಕಂಡಿತು. ಇಬ್ಬರೂ ಬಹಳ ಹೊತ್ತು ಸುಮ್ಮನೆ ಕೈ ಆಡಿಸಿದರು.

ಅಲ್ಲಿಂದ ಮುಂದೆ ಮಸರತ ಅಫಜಲಪುರದಲ್ಲಿ ಕೂತೇ ಜೇವರ್ಗಿಯಲ್ಲಿ ಮಾತಾಡತೊಡಗಿದಳು. ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ, ಕಣ್ಣಿನ ಡಾಕ್ಟರ ಹತ್ತಿರ ವಿಜಯಶ್ರೀ ಫೋನನ್ನು ಎದುರಿಗೆ ನಿಲ್ಲಿಸುವಳು. ಅವಳು ಕೈಯಲ್ಲಿ ಹೇಳಿದ್ದನ್ನು ಮಸರತ ದನಿಯಲ್ಲಿ ಹೇಳುವಳು. ಎದುರಿನವರ ಉತ್ತರವನ್ನು ಪರದೆಯ ಮೇಲೆ ಅವರ ತುಟಿಯಿಂದ ಓದಿ ಗೆಳತಿಗೆ ಕೈಯಲ್ಲಿ ತಿರುಗಿಸುವಳು. ಅಷ್ಟು ಸ್ಪಷ್ಟವಾಗಿ ತುಟಿ ಕಾಣುತ್ತಿದ್ದುದು ಆ ಕರೆಯಲ್ಲಿ ಮಾತ್ರ. ಕೆಲ ಕಾಲದ ಮೇಲೆ ಹಸಿರು ಆ್ಯಪ್ ವಿಜಯಶ್ರೀಯ ಹಳೆಯ ಫೋನಿನಲ್ಲಿ ನಡೆಯುವುದು ನಿಂತೇ ಹೋಯಿತು. ಅದರ ಗೊಡವೆಯೇ ಬೇಡ ಎಂದು ಅವಳು ನಕ್ಕಿದ್ದಳು.

ಕಳೆದ ರಮಜಾನಿನಲ್ಲಿ ಹಬ್ಬದ ಬಟ್ಟೆಗಳ ರಾಶಿ ಮಸರತಳ ಮುಂದೆ ಬಿದ್ದಿತ್ತು. ಗಿರಾಕಿಗಳು ಬಾಗಿಲಲ್ಲಿ ನಿಂತಿದ್ದಾಗ ವಿಜಯಶ್ರೀಯ ಕರೆ ಬಂತು. ಅವಳು ಯಾವುದೋ ಕಚೇರಿಯಲ್ಲಿ ಇದ್ದಳು, ಗುಮಾಸ್ತನ ಜೊತೆ ಮಾತಾಡಬೇಕಿತ್ತು. ಮಸರತ "ಆಮೇಲೆ" ಎಂದು ಕೈಮಾಡಿದಳು. ವಿಜಯಶ್ರೀ ಬಿಡಲಿಲ್ಲ. ಮಸರತ ಮತ್ತೆ "ಆಮೇಲೆ" ಎಂದು ಮುಖ ಗಂಟಿಕ್ಕಿದಳು. "ನಿನ್ನ ಬಾಯಿಗೆ ಬಹಳ ಬೆಲೆ ಬಂತು" ಎಂದು ಕೈ ಜಾಡಿಸಿ ವಿಜಯಶ್ರೀ ಕರೆ ಕಡಿದಳು.

ಮರುದಿನ ಫೋನು ಯಂತ್ರದ ಮೇಲಿಂದ ಜಾರಿ, ಬಟ್ಟೆಗೆ ಗಂಜಿ ಹಾಕಲು ಇಟ್ಟಿದ್ದ ಬಕೀಟಿನಲ್ಲಿ ಬಿತ್ತು. ಆಫ್ತಾಬ ಅವಳನ್ನು ಕರೆದುಕೊಂಡು ಹಫೀಜನ ರಿಪೇರಿ ಅಂಗಡಿಗೆ ಹೋದ. ಹಫೀಜ ಬಿಚ್ಚಿ ನೋಡಿ ತಲೆ ಆಡಿಸಿದ. ಅಂಗಡಿಯಲ್ಲಿ ಇದ್ದ ಬೇರೆ ಕಂಪನಿಯ ಒಂದು ಅಗ್ಗದ ಟಚ್ ಫೋನಿಗೆ ಹಳೆಯ ಸಿಮ್ಮು ಹಾಕಿಕೊಟ್ಟ. ಆಮೇಲೆ ಬೆನ್ನು ತಿರುಗಿಸಿ ತಿರುಪು ಹುಡುಕುತ್ತ ಆಫ್ತಾಬನಿಗೆ ಏನೋ ಹೇಳಿದ. ಹೇಳಿದ್ದು ಇಷ್ಟು: "ಭಾಬೀದು ನಂಬರ ಆ ಕಂಪನಿ ಒಳಗ ಇನ್ನಾ ಕಟ್ಟಿಕೊಂಡದ. ಬಿಡಿಸಬೇಕಾಗ್ತದ, ಇಲ್ಲಂದ್ರ ಆ ಫೋನ್ ಇದ್ದವ್ರು ಕಳ್ಸಿದ್ದು ಇದಕ್ಕ ಬರಂಗಿಲ್ಲ. ನಾಳಿ ತೊಗೊಂಡು ಬಾ, ಮಾಡಿಕೊಡ್ತೇನಿ." ಬೆನ್ನಿಗೆ ತುಟಿ ಇರುವುದಿಲ್ಲ. ಮಸರತಳಿಗೆ ಗೊತ್ತಾಗಲಿಲ್ಲ. ಆಫ್ತಾಬ ಹೂಂ ಅಂದ. ಅದೇ ವಾರ ಅವನಿಗೆ ಸಕ್ಕರೆ ಕಾರ್ಖಾನೆಯ ಕೆಲಸ ಸಿಕ್ಕಿತು, ಮರೆತ.

ಹೊಸ ಫೋನಿನಲ್ಲಿ ಹಳೆಯ ನಂಬರುಗಳು ಒಂದೂ ಇರಲಿಲ್ಲ. ವಿಜಯಶ್ರೀಯ ನಂಬರು ಮಸರತಳಿಗೆ ಬಾಯಿಪಾಠವೂ ಇರಲಿಲ್ಲ, ಪರದೆಯ ಮೇಲಿನ ಅವಳ ಮುಖ ಒತ್ತಿದರೆ ಕರೆ ಹೋಗುತ್ತಿತ್ತಲ್ಲ. ನನ್ನ ನಂಬರು ಬದಲಾಗಿಲ್ಲ, ಸಿಟ್ಟು ಇಳಿದ ಮೇಲೆ ಅವಳೇ ಮೆಸೇಜು ಹಾಕುತ್ತಾಳೆ ಎಂದು ಮಸರತ ಕಾದಳು. ಈದ್ ಬಂತು. ಶುಭಾಶಯ ಬರಲಿಲ್ಲ. ಯಾವುದೋ ಗೊತ್ತಿಲ್ಲದ ನಂಬರಿನಿಂದ ಎರಡು ಸಲ ಕರೆ ಬಂದು ನಿಂತಿತ್ತು. ಕಿವುಡಿಗೆ ಬರಿಯ ಕರೆ ಮಾಡುವವರು ಲೋನ್ ಮಾರುವವರೇ ಎಂದು ಅವಳು ಅಳಿಸಿದಳು.

"ಆಕಿ ಇನ್ನಾ ಸಿಟ್ಟಿನಾಗ ಅದಾಳ," ಎಂದ ಆಫ್ತಾಬ. "ಬಿಡು, ತಾನೇ ಮಾತಾಡ್ತಾಳ."

"ಇಷ್ಟ ದಿನ ಆಕಿ ಸಿಟ್ಟ ಇರಲ್ಲ," ಎಂದಳು ಮಸರತ.

ಕೊನೆಗೆ ತಡೆಯಲಾರದೆ ಒಂದು ಮುಂಜಾನೆ ಒಬ್ಬಳೇ ಬಸ್ಸು ಹತ್ತಿದಳು. ಕಲಬುರಗಿಯಲ್ಲಿ ಇಳಿದು ಜೇವರ್ಗಿಯ ಬಸ್ಸು ಹಿಡಿದಳು. ಗೆಳತಿಗೆಂದು ಉಳಿಕೆ ಬಟ್ಟೆಯಲ್ಲಿ ಹೊಲಿದ ಒಂದು ಕುಪ್ಪಸ ಚೀಲದಲ್ಲಿತ್ತು. ಭೀಮೆಯ ಸೇತುವೆ ದಾಟುವಾಗ, ಮೊದಲು ನಾನೇ ಕ್ಷಮೆ ಕೇಳಬೇಕೋ ಅಥವಾ ಅವಳ ಮುಖ ನೋಡಿ ಆಮೇಲೆ ಕೇಳಬೇಕೋ ಎಂದು ಲೆಕ್ಕ ಹಾಕುತ್ತಿದ್ದಳು.

ಜೆರಾಕ್ಸ್ ಅಂಗಡಿಯ ಶಟರು ಅರ್ಧ ಇಳಿದಿತ್ತು. ಹಿಂದಿನ ಮನೆಯ ಬಾಗಿಲಲ್ಲಿ ನಿಂತಾಗ ಮೊದಲು ಕಂಡದ್ದು ಗೋಡೆ. ಗೋಡೆಯ ಮೇಲೆ ವಿಜಯಶ್ರೀಯ ಫೋಟೋ, ಅದಕ್ಕೆ ವಿಭೂತಿ, ಹಾರ. ಯಾರೂ ಏನೂ ಹೇಳುವ ಮೊದಲೇ ಮಸರತ ಹೊಸ್ತಿಲ ಮೇಲೆ ಕೂತುಬಿಟ್ಟಳು.

ಗುರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಏನೋ ಕೂಗುತ್ತಿದ್ದಳು. ತುಟಿ ಕಾಣಲಿಲ್ಲ. ಮಹೇಶಕುಮಾರ ಮಸರತಳ ಎದುರಿಗೆ ಕುಕ್ಕರಗಾಲಲ್ಲಿ ಕೂತು ನಿಧಾನವಾಗಿ ಹೇಳಿದ: "ಈಗ ಬಂದೇನು ಅಂತ ಕೇಳಾಕತ್ತಾಳ್ರಿ ಅವ್ವ."

"ಏನಾತು?"

"ಹೊಟ್ಟಿ ನೋವು ಅಂತ ತಿಳೀತು ನಮಗ. ಎಲ್ಲಿ, ಹ್ಯಾಂಗ ಅಂತ ತಿಳೀಲಿಲ್ಲ. ಇಲ್ಲೇ ಡಾಕ್ಟರ ಹಂತೇಕ ಒಯ್ದೆ. ಅವ್ರು ಕೇಳಿದಾಗೆಲ್ಲ ಅಕ್ಕ ಫೋನ್ ಹಿಡಿದು ನಿಮಗ ಹಚ್ಚತಿದ್ಲು. ನೀವು ಎತ್ತಲಿಲ್ಲ. ನಾನೂ ನನ್ನ ಫೋನಿಂದ ಎರಡು ಸಲ ಮಾಡಿದೆ. ತಿಂಗಳ ನೋವು ಅಂತ ಗುಳಿಗಿ ಕೊಟ್ರು. ಕಲಬುರಗಿಗೆ ಒಯ್ಯೋದ್ರಾಗ ಒಳಗ ಕರುಳ ಒಡದಿತ್ತಂತ್ರಿ. ಆಪರೇಷನ್ ಮಾಡಿದ್ರು. ಉಳೀಲಿಲ್ಲ."

ಮಸರತ ತನ್ನ ಹೊಸ ಫೋನನ್ನು ತೆಗೆದು ಅವನ ಕೈಗೆ ಕೊಟ್ಟಳು. ಅವನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ಒಳಗೆ ಹೋಗಿ ಅಕ್ಕನ ಫೋನು ತಂದ. ಮಸರತಳ ಹೆಸರಿನ ಕೆಳಗೆ ಸಾಲಾಗಿ ವಿಡಿಯೋಗಳಿದ್ದವು. ಎಲ್ಲ ಕಳಿಸಿದ್ದೇ. ಮುಟ್ಟಿತು ಎಂಬ ಗುರುತು ಯಾವುದರ ಕೆಳಗೂ ಇರಲಿಲ್ಲ.

"ನಮಗ ಆಕಿ ಕೈ ಪೂರಾ ತಿಳೀತಿದ್ದಿಲ್ರಿ," ಎಂದ ಮಹೇಶಕುಮಾರ. "ಏನ್ ಹೇಳ್ಯಾಳ ಇದ್ರಾಗ?"

ಗುರಮ್ಮ ಸೆರಗು ತೆಗೆದು ಹತ್ತಿರ ಬಂದು ಕೂತಳು. "ಹೇಳು ಬೇ ಯವ್ವಾ. ನನ್ನ ಮಗಳು ಏನಂತಾಳ?"

ಮಸರತ ಮೊದಲನೆಯದನ್ನು ಒತ್ತಿದಳು. ಅಂಗಡಿಯ ಸ್ಟೂಲಿನ ಮೇಲೆ ವಿಜಯಶ್ರೀ. ಕೈಗಳು ಎದ್ದವು. ಮಸರತಳ ಬಾಯಿ ತಾನಾಗಿ ತೆರೆಯಿತು.

"ಸಿಟ್ಟ ಬಿಡು ಅಂತಾಳ. ತಪ್ಪು ನಂದೇ, ಹಬ್ಬದ ಕೆಲಸ ಇತ್ತು ನಿನಗ. ಒಮ್ಮೆ ಫೋನ್ ಎತ್ತು."

ಎರಡನೆಯದರಲ್ಲಿ ಅವಳು ಹಾಸಿಗೆಯಲ್ಲಿದ್ದಳು, ಒಂದು ಕಾಲು ಮಡಚಿ. "ಮೊದಲ ಹೊಕ್ಕಳ ಹಂತೇಕ ನೋಯ್ತಿತ್ತು. ಈಗ ಕೆಳಗ ಬಲಕ್ಕ ಇಳದದ. ಕಾಲು ಚಾಚಿದ್ರ ಹರದಂಗ ಆಗ್ತದ. ಡಾಕ್ಟರ್ ಮ್ಯಾಲ ಒತ್ತಿ ನೋಡ್ಯಾರ. ಏನೋ ಕೇಳಿದ್ರು. ನಾ ಹೂಂ ಅಂತ ತಲಿ ಆಡಿಸಿದೆ. ಏನ್ ಕೇಳಿದ್ರಂತ ಗೊತ್ತಿಲ್ಲ. ನೀ ಬಂದು ಕೇಳು."

ಮಹೇಶಕುಮಾರ ಎದ್ದು ಗೋಡೆಗೆ ಮುಖ ಮಾಡಿ ನಿಂತ.

ಕೈಗಳು ಇನ್ನೂ ಹೇಳುತ್ತಿದ್ದವು. ಮುಂದಿನದು ಏನೆಂದು ಮಸರತಳಿಗೆ ಕಂಡಿತು. ನಿಲ್ಲಿಸಬಹುದಿತ್ತು. ಆದರೆ ಗೆಳತಿ ಹೇಳಿದ್ದನ್ನು ಅವಳು ಎಂದೂ ಅರ್ಧಕ್ಕೆ ನಿಲ್ಲಿಸಿದವಳಲ್ಲ.

"ಅವ್ವ ಹೊಟ್ಟಿ ಮ್ಯಾಲ ಬಿಸಿ ಅರಿವಿ ಇಡ್ತಾಳ. ಇಟ್ರ ಇನ್ನಾ ಹೆಚ್ಚಾಗ್ತದ. ದೂಡಿದ್ರ ನಾ ಹಟ ಮಾಡ್ತೇನಂತ ತಿಳೀತಾಳ. ಬ್ಯಾಡ ಅಂತ ಆಕಿಗೆ ಹೇಳು."

ತನ್ನ ದನಿ ಹೇಗಿತ್ತೆಂದು ಮಸರತಳಿಗೆ ತಿಳಿಯದು. ಕಂಡದ್ದು ಗುರಮ್ಮನ ಎರಡೂ ಅಂಗೈ. ಆಕೆ ಅವನ್ನು ಮುಂದೆ ಚಾಚಿ, ಯಾರದೋ ಕೈಗಳೆಂಬಂತೆ ನೋಡುತ್ತಿದ್ದಳು. ಆಮೇಲೆ ನೆಲಕ್ಕೆ ಬಡಿಯತೊಡಗಿದಳು. ಆ ಬಡಿತ ಮಸರತಳಿಗೆ ಕೂತ ನೆಲದಲ್ಲಿ ತಾಗಿತು.

ಕೊನೆಯ ವಿಡಿಯೋದಲ್ಲಿ ವಿಜಯಶ್ರೀಯ ಮುಖ ಬಿಳಿಚಿಕೊಂಡಿತ್ತು, ಆದರೆ ನಗುತ್ತಿದ್ದಳು. "ನೋವು ನಿಂತದ. ಒಮ್ಮೆಗೇ ಹಗುರ ಆತು. ಹೆದರಬ್ಯಾಡ. ಅವ್ವ ಗಂಜಿ ಮಾಡ್ಯಾಳ."

"ಅವತ್ತೇ ಒಡದದ್ದು," ಎಂದ ಮಹೇಶಕುಮಾರ, ಗೋಡೆಯಿಂದ ತಿರುಗಿ. "ಆರಾಮ ಆತು ಅಂತ ನಾವು ಉಂಡು ಮಲಗಿದ್ವಿ."

ಮಸರತ ತಂದ ಕುಪ್ಪಸವನ್ನು ಗುರಮ್ಮ ಇಟ್ಟುಕೊಂಡಳು. ಬೈಯಲಿಲ್ಲ. ಹೋಗುವಾಗ ಮಹೇಶಕುಮಾರ ಎಲ್ಲ ನಂಬರುಗಳನ್ನು ಅವಳ ಫೋನಿಗೆ ಹಾಕಿಕೊಟ್ಟ. ಬಸ್ಸಿನಲ್ಲಿ ಕೂತು, ಬಿಸಿ ಅರಿವೆಯ ಮಾತನ್ನು ನುಂಗಿಬಿಡಬೇಕಿತ್ತೇನೋ ಎಂದು ಮಸರತ ಮತ್ತೆ ಮತ್ತೆ ಯೋಚಿಸಿದಳು. ನುಂಗಿದ್ದರೆ ಅದು ವಿಜಯಶ್ರೀಗೆ ಮಾಡಿದ ಮೋಸ. ಹೇಳಿದ್ದು ಗುರಮ್ಮನಿಗೆ ಮಾಡಿದ ಗಾಯ. ಊರು ಬರುವ ತನಕ ಯಾವುದೂ ತೀರ್ಮಾನವಾಗಲಿಲ್ಲ.

ಮರುದಿನ ಅವಳು ಹಫೀಜನ ಅಂಗಡಿಗೆ ಹೋದಳು. ಅವನು ಈ ಸಲ ಅವಳ ಮುಖ ನೋಡಿ ಹೇಳಿದ: "ನಂಬರ ಬಿಡಿಸಬೇಕಿತ್ರಿ ಭಾಬಿ. ಆಫ್ತಾಬಭಾಯಿಗೆ ಹೇಳಿದ್ದೆ." ಏನೇನೋ ಒತ್ತಿದ, ಒಂದು ಸಂಖ್ಯೆ ಬಂತು, ಅದನ್ನು ಹಾಕಿದ. ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯಿತು.

ಆಫ್ತಾಬ ಕೆಲಸದಿಂದ ಬಂದಾಗ ಅವಳು ಹಫೀಜ ಹೇಳಿದ್ದನ್ನು ಹಾಗೆಯೇ ಹೇಳಿದಳು. ಆ ವಾರವೆಲ್ಲ ಅವನು ತಾನೇ ನೀರು ತುಂಬಿದ, ತಾನೇ ಬಡಿಸಿಕೊಂಡು ಉಂಡ.

ಸ್ವಲ್ಪ ದಿನದ ಮೇಲೆ ಹಸಿರು ಆ್ಯಪಿನಲ್ಲಿ ಮಹೇಶಕುಮಾರನ ಫೋನಿನಿಂದ ಒಂದು ವಿಡಿಯೋ ಬಂತು. ವಿಜಯಶ್ರೀಯ ಹಳೆಯದೊಂದು. ಅದರ ಹಿಂದೆಯೇ ಒಂದು ದನಿಯ ಮೆಸೇಜು. ಗುರಮ್ಮನಿಗೆ ಬರೆಯಲು ಬಾರದು. ಮಸರತಳಿಗೆ ಕೇಳಲು ಬಾರದು. ಆಫ್ತಾಬ ಅದನ್ನು ಕಿವಿಗೆ ಹಿಡಿದು ಕೇಳಿ, ಅವಳ ಎದುರಿಗೆ ಕೂತು ತುಟಿ ಬಿಡಿಸಿ ಹೇಳಿದ: "ಇದರಾಗ ಏನಂತಾಳ ನನ್ನ ಮಗಳು ಅಂತ ಕೇಳ್ಯಾಳ. ಇದರಾಗೂ ನೋವಿಂದೇ ಅದ ಏನು ಅಂತ."

ಮಸರತ ನೋಡಿದಳು. ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳಿದಳು: "ಇಲ್ಲ ಯವ್ವಾ. ಮಂಗ್ಯಾ ಬಂದು ರೊಟ್ಟಿ ಬುಟ್ಟಿ ಒಯ್ತಂತ, ನೀವು ಕೋಲು ಹಿಡಕೊಂಡು ಬೆನ್ನು ಹತ್ತಿದ್ರಂತ, ಮಂಗ್ಯಾ ಮಾಳಗಿ ಮ್ಯಾಲ ಕೂತು ನಿಮ್ಮಂಗೇ ಸೊಂಟದ ಮ್ಯಾಲ ಕೈ ಇಟ್ಟಿತಂತ. ಅದನ್ನ ಮಾಡಿ ತೋರ್ಸಾಕತ್ತಾಳ."

ಉತ್ತರವಾಗಿ ಮತ್ತೊಂದು ದನಿ ಬಂತು. ಆಫ್ತಾಬ ಎರಡು ಸಲ ಕಿವಿಗೆ ಹಿಡಿದ.

"ಏನಂತಾಳ?"

"ಮಾತಿಲ್ಲ. ಬರೇ ಸಪ್ಪಳ ಅದ."

"ಅಳ್ತಾಳೋ ನಗ್ತಾಳೋ?"

ಅವನು ಇನ್ನೊಮ್ಮೆ ಕೇಳಿದ. "ತಿಳೀವಲ್ದು," ಎಂದ.

ಅಲ್ಲಿಂದ ನಾಲ್ಕೈದು ದಿನಕ್ಕೊಂದು ಬರುತ್ತಲೇ ಇದೆ. ಫೋನಿನಲ್ಲಿದ್ದವೆಲ್ಲ ಮುಗಿದವು, ಅವ್ವ ಈಗ ಕಳಿಸಿದ್ದನ್ನೇ ಮತ್ತೆ ಕಳಿಸುತ್ತಾಳೆ, ಬೇಜಾರು ಮಾಡಿಕೊಳ್ಳಬೇಡಿ ಎಂದು ಮಹೇಶಕುಮಾರ ಬರೆದಿದ್ದಾನೆ. ಮಸರತ ಬೇಜಾರು ಮಾಡಿಕೊಳ್ಳುವುದಿಲ್ಲ. ಹೊಲಿಗೆ ನಿಲ್ಲಿಸಿ, ಮೊದಲ ಸಲ ನೋಡುವಂತೆ ಪೂರ್ತಿ ನೋಡಿ, ವಿಜಯಶ್ರೀ ಹೇಳಿದ್ದನ್ನು ಹೇಳುತ್ತಾಳೆ. ಆ ಹಾಸಿಗೆಯ ವಿಡಿಯೋವನ್ನು ಮಾತ್ರ ಗುರಮ್ಮ ಇದುವರೆಗೆ ಕಳಿಸಿಲ್ಲ.