ಎರಡು ಅಂಗಡಿ, ಒಂದೇ ಅಕೌಂಟು

ಶರಣಪ್ಪ ಕಾಕಾ ತಮ್ಮನಿಗೆ ಫೋನ್ ಮಾಡುತ್ತಿದ್ದುದು ಕಡಿಮೆ. ಜನರ ಅರ್ಜಿ ತುಂಬಿಕೊಡುವ ಬಸವಕಲ್ಯಾಣದ ಆನ್‌ಲೈನ್ ಅಂಗಡಿಯಲ್ಲಿ ಕೂತು, ಬ್ರೌಸರಿನಲ್ಲಿ ಯಾವುದೋ ಪುಟ ಉಳಿಸಿ, ಅದಕ್ಕೆ ‘ಊಟ ಆತೇನ’ ಎಂದು ಹೆಸರಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಹುಮನಾಬಾದಿನ ಅಂಗಡಿಯಿಂದ ತಮ್ಮ ಮಲ್ಲು ಅದನ್ನು ‘ಆತು’ ಎಂದು ಬದಲಿಸುತ್ತಿದ್ದ. ಕಾಕಾ ಗೆದ್ದವರಂತೆ ನನ್ನ ಕಡೆ ನೋಡುವರು. ಪಕ್ಕದ ಕಿರಾಣಿ ಅಂಗಡಿ ನನ್ನದು; ಗಿರಾಕಿ ಇಲ್ಲದಾಗ ನಾನು ಅಲ್ಲೇ ಬಿದ್ದಿರುತ್ತಿದ್ದೆ.

ಎರಡೂ ಅಂಗಡಿಯ ಬ್ರೌಸರಿಗೆ ಒಂದೇ ಅಕೌಂಟು. ಇಲ್ಲಿ ಉಳಿಸಿದ್ದು ಅಲ್ಲಿಯೂ ತಾನಾಗಿ ಕಾಣುತ್ತಿತ್ತು. ಪಹಣಿ ತೆಗೆಸಲು ಮಂಠಾಳದಿಂದ ಬಂದವರಿಗೂ ಕಾಕಾ ಇದನ್ನು ತೋರಿಸದೆ ಬಿಡುತ್ತಿರಲಿಲ್ಲ. ಬೇರೆ ಆಗಬೇಡಿ ಎಂದು ಅವ್ವ ಕೊನೆಗಾಲದಲ್ಲಿ ಹೇಳಿದ್ದಳಂತೆ. ಊರು ಎರಡಾದರೂ ಅಕೌಂಟು ಒಡೆದಿಲ್ಲವೆಂಬ ಹೆಮ್ಮೆ ಅವರಿಗೆ.

ಆಮೇಲೆ ಆ ಪೀಡೆ ಬಂತು. ಫೋಟೋ ಚಿಕ್ಕದು ಮಾಡುವ ಪುಕ್ಕಟೆ ಎಕ್ಸ್‌ಟೆನ್ಶನ್ ಒಂದನ್ನು ಕಾಕಾ ಬ್ರೌಸರಿಗೆ ಹಾಕಿಕೊಂಡರು. ಅದರೊಳಗೆ ವೈರಸ್ಸಿತ್ತು. ಸರ್ಕಾರಿ ಪುಟ ತೆರೆದರೆ ಅದರಂತೆಯೇ ಕಾಣುವ ಕಳ್ಳ ಪುಟ ತೆರೆಯುತ್ತಿತ್ತು. ಅಕೌಂಟು ಒಂದೇ ಆದ್ದರಿಂದ ಅದು ಮಲ್ಲುವಿನ ಅಂಗಡಿಗೂ ದಾಟಿತು. ಕಾಕಾ ತೆಗೆದರೆ ಹುಮನಾಬಾದಿನಿಂದ ಮತ್ತೆ ಇಲ್ಲಿಗೆ, ಮಲ್ಲು ತೆಗೆದರೆ ಇಲ್ಲಿಂದ ಅಲ್ಲಿಗೆ. ಅಕೌಂಟು ಎರಡು ಮಾಡದೆ ಇದು ಹೋಗದು ಎಂದ ರಿಪೇರಿಯವನು.

“ಬ್ಯಾರೆ ಮಾಡೂದು ಬಿಟ್ಟು ಏನರೆ ಇದ್ರ ಹೇಳ್ರಿ,” ಎಂದರು ಕಾಕಾ.

ಆ ಹಟಕ್ಕೆ ನನಗೂ ಸಿಟ್ಟು ಬಂದಿತ್ತು. ಚಿಟಗುಪ್ಪದ ಹುಡುಗಿಯೊಬ್ಬಳ ನೌಕರಿಯ ಅರ್ಜಿ ಮಲ್ಲುವಿನ ಅಂಗಡಿಯಲ್ಲಿ ಕಳ್ಳ ಪುಟದ ಪಾಲಾಯಿತು. ಅವಳು ಅಳುತ್ತ ಹೋದ ದಿನವೇ ಮಲ್ಲು ಅಣ್ಣನಿಗೆ ಹೇಳದೆ ತನ್ನ ಅಕೌಂಟು ಬೇರೆ ಮಾಡಿಕೊಂಡ. ಇತ್ತ ಕಾಕಾ ‘ಊಟ ಆತೇನ’ ಎಂದು ಬರೆದು, ಸಂಜೆತನಕ ಪರದೆ ನೋಡುತ್ತ ಕೂತರು.

ಮರುದಿನ ಹುಮನಾಬಾದಿಗೆ ಹೋಗಿ ಬಂದರು. ಜಗಳವಾಯಿತೇ ಎಂದು ಕೇಳಿದೆ.

“ಜಗಳಾಡಿದ್ರ ಛಲೋ ಇತ್ತು. ಕುರ್ಚಿ ಕೊಟ್ಟ, ಚಹಾ ತರಿಸಿದ, ಯಾಕ ತ್ರಾಸ ತಗೊಂಡಿ ಅಂದ. ಬೀಗರಿಗೆ ಅಂದಂಗ.”

ಈಗಲಾದರೂ ನಿಮ್ಮದನ್ನು ಸ್ವಚ್ಛ ಮಾಡಿಸಿ ಎಂದರೆ ಕೇಳಲಿಲ್ಲ. ಮಲ್ಲು ಬರುತ್ತಾನೆ, ಇಬ್ಬರೂ ಕೂಡಿ ತೆಗೆಯುತ್ತೇವೆ ಎಂದರು. ಬಂದ ಗಿರಾಕಿಗಳಿಗೆ ಬೇರೆ ಅಂಗಡಿ ತೋರಿಸಿ, ಸುಮ್ಮನೆ ಬಾಗಿಲು ತೆರೆದುಕೊಂಡು ಕೂರುತ್ತಿದ್ದರು. ನೋಡಲಾಗುತ್ತಿರಲಿಲ್ಲ.

ಆ ಚಳಿಗಾಲ ಎದೆನೋವು ಬಂದು ಕಾಕಾ ಹೋಗಿಬಿಟ್ಟರು. ಮಣ್ಣು ಮಾಡಿ ಬಂದ ಮೇಲೆ ಮಲ್ಲು ಅಣ್ಣನ ಕಂಪ್ಯೂಟರ್ ಹಚ್ಚಿದ. ಕಳ್ಳ ಪುಟವೇ ತೆರೆಯಿತು. ಕಾಕಾ ಹೇಳಿದ್ದನ್ನು ಅವನಿಗೆ ಹೇಳಿ, ಇನ್ನು ತೆಗೆದುಬಿಡು ಎಂದೆ.

ಮಲ್ಲು ಮೌಸಿನ ಮೇಲಿಟ್ಟಿದ್ದ ಕೈ ಹಿಂದೆ ತೆಗೆದುಕೊಂಡ.

“ಕೂಡಿ ತೆಗೀಬೇಕಂತ ಇಟ್ಟಾನ,” ಎಂದ. “ನಾ ಒಬ್ಬನ ಹ್ಯಾಂಗ ತೆಗೀಲಿ?”